ಸೀಗೆ, ಲೋಳೆ, ಎಣ್ಣೆ: ಮನೆಯಲ್ಲಿ ಕೇಶರಕ್ಷಣೆಯ ಕ್ರಮ

ಮನೆಯಲ್ಲಿ ಮಾಡಿಕೊಳ್ಳುವ ಕೇಶರಕ್ಷಣೆಯ ಸಾಮಗ್ರಿ ಎಂದರೆ ತಲೆಗೂದಲನ್ನು ತೊಳೆಯುವ, ನುಣುಪಾಗಿಸುವ, ಜಿಡ್ಡಿನ ಅಂಶ ಒದಗಿಸುವ ಮತ್ತು ಬಣ್ಣ ಕೊಡುವ ವಸ್ತುಗಳನ್ನು ಗಿಡ, ಕಾಯಿ, ಬೀಜ, ಸೊಪ್ಪುಗಳಿಂದ ನೇರವಾಗಿ ಸಿದ್ಧಪಡಿಸಿಕೊಳ್ಳುವುದು ಎಂದರ್ಥ. ಕರ್ನಾಟಕದ ಮನೆಗಳಲ್ಲಿ ಈ ವಿದ್ಯೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಸ್ನಾನಭೋಗ ಎಂಬ ಪ್ರಕರಣವೇ ಇದ್ದು, ಎಣ್ಣೆ ತಿಕ್ಕಿಸಿಕೊಂಡು ಮೀಯುವ ವಿಧಾನವನ್ನು ಅದು ಅರಸನ ದಿನಚರಿಯ ಭಾಗವಾಗಿ ನಿರೂಪಿಸುತ್ತದೆ. ಅರಮನೆಯ ಭೋಗವಾಗಿ ಬರಹಕ್ಕೆ ಬಂದ ಈ ಪದ್ಧತಿ ಸಾಮಾನ್ಯರ ಮನೆಗಳಲ್ಲಿ ವಾರಕ್ಕೊಮ್ಮೆಯ ಎಣ್ಣೆನೀರಾಗಿ, ಬಾಣಂತಿಯ ಎರೆಯುವಿಕೆಯಾಗಿ, ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನದ ಅಭ್ಯಂಜನವಾಗಿ ಉಳಿದುಬಂದಿತು. 1980ರ ದಶಕದಲ್ಲಿ ಶಾಂಪೂ ಸಣ್ಣ ಪೊಟ್ಟಣಗಳಲ್ಲಿ ಹಳ್ಳಿಯ ಪೆಟ್ಟಿಗೆ ಅಂಗಡಿಗೂ ತಲುಪಿದ ಮೇಲೆ ಸೀಗೆಪುಡಿಯ ಡಬ್ಬ ಬಚ್ಚಲಿನಿಂದ ಕ್ರಮೇಣ ಮರೆಯಾಯಿತಾದರೂ, ಈಚಿನ ವರ್ಷಗಳಲ್ಲಿ ಮನೆಯ ತಯಾರಿಕೆಗಳ ಬಗೆಗಿನ ಆಸಕ್ತಿ ಮತ್ತೆ ಚಿಗುರಿದೆ.

ಮರಳಿ ಬಂದಿರುವ ಈ ಆಸಕ್ತಿಯ ಜೊತೆಗೆ ಒಂದು ಗೊಂದಲವೂ ಬಂದಿದೆ. ಹಳೆಯ ಮನೆಗಳಲ್ಲಿ ಎಣ್ಣೆ, ಸೀಗೆ, ಲೋಳೆ ಎಂಬ ಮೂರಕ್ಕೂ ಬೇರೆಬೇರೆ ಕೆಲಸ ನಿಗದಿಯಾಗಿತ್ತು. ಮೊದಲು ಎಣ್ಣೆ ಕೂದಲನ್ನು ನೀರಿನಿಂದಲೂ ಉಜ್ಜುವಿಕೆಯಿಂದಲೂ ಕಾಪಾಡುತ್ತಿತ್ತು, ಬಳಿಕ ಸೀಗೆ ಹೆಚ್ಚಿನ ಜಿಡ್ಡನ್ನೂ ಕೊಳೆಯನ್ನೂ ತೆಗೆಯುತ್ತಿತ್ತು, ಕೊನೆಗೆ ದಾಸವಾಳದಂತಹ ಸೊಪ್ಪಿನ ಲೋಳೆ ಸಿಕ್ಕು ಬಿಡಿಸಿ ನುಣುಪು ಕೊಡುತ್ತಿತ್ತು. ಇಂದು ಅನೇಕರು ಈ ಕ್ರಮವನ್ನು ಬಿಟ್ಟು, ಹೆಸರು ಕೇಳಿದ ಹತ್ತಾರು ವಸ್ತುಗಳನ್ನು ಒಟ್ಟಿಗೆ ಅರೆದು ಹಚ್ಚಿಕೊಳ್ಳುತ್ತಾರೆ, ಇಲ್ಲವೆ ಎಣ್ಣೆಯಿಲ್ಲದ ಒಣಕೂದಲಿಗೆ ಬರಿಯ ಸೀಗೆಯನ್ನು ತಿಕ್ಕಿ ಕೂದಲು ಒರಟಾಯಿತೆಂದು ದೂರುತ್ತಾರೆ. ಯಾವ ವಸ್ತು ಯಾವ ಕೆಲಸ ಮಾಡುತ್ತದೆ, ಎಷ್ಟರಮಟ್ಟಿಗೆ ಮಾಡುತ್ತದೆ, ಯಾವುದನ್ನು ಮಾಡಲಾರದು ಎಂಬ ತಿಳಿವಳಿಕೆಯೇ ಮನೆಯ ತಯಾರಿಕೆಯ ಅಡಿಪಾಯ. ಸಾಮಗ್ರಿಗಳ ಪಟ್ಟಿ ಅದರ ನಂತರದ ಮಾತು.

ಈ ತಿಳಿವಳಿಕೆ ಕೂದಲಿನ ರಚನೆಯಿಂದಲೇ ಆರಂಭವಾಗಬೇಕು. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿದ್ದು, ಪ್ರತಿಯೊಂದೂ ಚರ್ಮದೊಳಗಿನ ಕೇಶಕೂಪ ಎಂಬ ಸಣ್ಣ ಚೀಲದಿಂದ ಹುಟ್ಟಿ ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ; ಒಂದು ಕೂದಲು ಎರಡರಿಂದ ಆರು ವರ್ಷಗಳವರೆಗೆ ಬೆಳೆದು, ಕೆಲವು ವಾರಗಳ ಮಾರ್ಪಾಟಿನ ನಂತರ ಮೂರು ತಿಂಗಳಷ್ಟು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ, ಸಹಜ ಕ್ರಿಯೆ. ಚರ್ಮದಿಂದ ಹೊರಗೆ ಕಾಣುವ ಕೂದಲಿನ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ವಸ್ತು. ಅದರ ಹೊರಪದರದಲ್ಲಿ ತೆಳುವಾದ ಹೊಪ್ಪಳಿಕೆಗಳು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ಈ ಹೊಪ್ಪಳಿಕೆಗಳು ಸಮನಾಗಿ ಕುಳಿತಾಗ ಬೆಳಕು ಸರಿಯಾಗಿ ಪ್ರತಿಫಲಿಸಿ ಕೂದಲು ಹೊಳೆಯುತ್ತದೆ, ಎದ್ದು ಮುರಿದಾಗ ಒರಟಾಗಿ ಸಿಕ್ಕುಗಟ್ಟುತ್ತದೆ. ಎಳೆ ನಿರ್ಜೀವವಾದುದರಿಂದ ಹೊರಗಿನಿಂದ ಹಚ್ಚುವ ಯಾವ ಲೇಪವೂ ಅದಕ್ಕೆ ‘ಆಹಾರ’ವಾಗುವುದಿಲ್ಲ, ಲೇಪ ಮಾಡಬಲ್ಲದ್ದು ಆ ಎಳೆಯನ್ನು ಕಾಪಾಡುವ ಕೆಲಸವನ್ನು ಮಾತ್ರ.

ಕೇಶಕೂಪದ ಪಕ್ಕದಲ್ಲಿರುವ ಗ್ರಂಥಿಗಳು ಸೀಬಮ್ ಎಂಬ ಜಿಡ್ಡನ್ನು ಸ್ರವಿಸುತ್ತವೆ. ಬೆವರಿನೊಡನೆ ಕೂಡಿದ ಈ ಜಿಡ್ಡಿನಿಂದ ತಲೆಯ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿರುತ್ತದೆ. ಆಮ್ಲ ಮತ್ತು ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ತಟಸ್ಥ ಸ್ಥಿತಿಯಾದರೆ ತಲೆಯ ಚರ್ಮ ಸುಮಾರು 5.5ರಲ್ಲಿರುತ್ತದೆ. ಸಾಮಾನ್ಯ ಸ್ನಾನದ ಸೋಪು 9ರಿಂದ 10ರವರೆಗಿನ ಕ್ಷಾರವಾದುದರಿಂದ ಕೂದಲಿನ ಹೊಪ್ಪಳಿಕೆಗಳನ್ನು ಉಬ್ಬಿಸಿ ಎಬ್ಬಿಸುತ್ತದೆ. ಜೊತೆಗೆ ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಸಾಮಾನ್ಯವಾಗಿ ಸಿಗುವ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಕರಗದ ಬಿಳಿಯ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುತ್ತವೆ. ಮೈಗೆ ಹಚ್ಚುವ ಸೋಪನ್ನೇ ತಲೆಗೂ ಹಚ್ಚುವವರ ಕೂದಲು ಜಿಗುಟಾಗಿ ಮಂಕಾಗುವುದಕ್ಕೆ ಈ ಎರಡೂ ಕಾರಣಗಳಿವೆ.

ಸೋಪಿನ ಈ ದೋಷವಿಲ್ಲದೆ ಕೊಳೆ ತೆಗೆಯುವ ಸಸ್ಯಗಳಲ್ಲಿ ಕನ್ನಡನಾಡಿಗೆ ಅತ್ಯಂತ ಪರಿಚಿತವಾದದ್ದು ಸೀಗೆ. ಸಸ್ಯಶಾಸ್ತ್ರದಲ್ಲಿ ಅಕೇಶಿಯಾ ಕಾನ್ಸಿನ್ನಾ ಎಂದು ಬಹುಕಾಲ ಕರೆಸಿಕೊಂಡು ಈಗ ಸೆನೆಗಾಲಿಯಾ ಕುಲಕ್ಕೆ ಸೇರಿಸಲಾಗಿರುವ ಈ ಮುಳ್ಳುಬಳ್ಳಿ ದಕ್ಷಿಣ ಭಾರತದ ಕಾಡುಗಳಲ್ಲಿ ಮರಗಳನ್ನು ಆಶ್ರಯಿಸಿ ಹಬ್ಬುತ್ತದೆ. ಅದರ ಚಪ್ಪಟೆಯಾದ ಕಾಯಿಗಳು ಒಣಗಿದಾಗ ಸುಕ್ಕುಗಟ್ಟಿ ಕಂದುಬಣ್ಣಕ್ಕೆ ತಿರುಗುತ್ತವೆ. ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಕಾರಕ ಪದಾರ್ಥವಿದೆ. ಸಪೋನಿನ್ನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಒಲಿಯುವುದರಿಂದ ಅದು ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹರಿದುಹೋಗುವಂತೆ ಮಾಡುತ್ತದೆ. ಗಡಸು ನೀರಿನಲ್ಲಿ ಸೋಪಿನಂತೆ ಗಸಿಗಟ್ಟದಿರುವುದು ಮತ್ತು ದ್ರಾವಣ ಕ್ಷಾರೀಯವಾಗದೆ ಆಮ್ಲೀಯವಾಗಿಯೇ ಉಳಿಯುವುದು ಇದರ ಎರಡು ದೊಡ್ಡ ಗುಣಗಳು. ಕಾರ್ಖಾನೆಯ ಶಾಂಪೂವಿಗೆ ಹೋಲಿಸಿದರೆ ಇದರ ನೊರೆ ಕಡಿಮೆ, ಜಿಡ್ಡು ತೆಗೆಯುವ ಶಕ್ತಿಯೂ ಮೆದು; ಆದರೆ ಎಣ್ಣೆ ಹಚ್ಚಿದ ತಲೆಗೆ ಈ ಮೆದುತನವೇ ಅನುಕೂಲ, ಏಕೆಂದರೆ ಹೆಚ್ಚಿನ ಎಣ್ಣೆ ಹೋಗಿ ಕೂದಲಿಗೆ ಬೇಕಾದಷ್ಟು ಉಳಿಯುತ್ತದೆ.

ಮನೆಯಲ್ಲಿ ಸೀಗೆಪುಡಿ ಮಾಡಿಸುವಾಗ ಕಾಯಿಗಳನ್ನು ಆರಿಸಿ, ಮಣ್ಣುಕಡ್ಡಿಗಳನ್ನು ತೆಗೆದು, ಮುರಿದರೆ ಪಟಕ್ಕೆಂದು ತುಂಡಾಗುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. 1 ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಹೆಸರುಕಾಳು ಮತ್ತು 100 ಗ್ರಾಂ ಮೆಂತ್ಯ ಸೇರಿಸುವುದು ಒಂದು ಹದವಾದ ಪ್ರಮಾಣ. ಹೆಸರಿನ ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಸೀಗೆಯ ಒರಟುತನವನ್ನು ತಗ್ಗಿಸುತ್ತದೆ, ಮೆಂತ್ಯ ನೀರಿನಲ್ಲಿ ಲೋಳೆಯಾಗಿ ಜಾರುವ ಗುಣ ಕೊಡುತ್ತದೆ. ಸುವಾಸನೆಗೆ ಕಚೋರ, ಲಾವಂಚದ ಬೇರು, ಒಣಗಿಸಿದ ನಿಂಬೆ ಅಥವಾ ಕಿತ್ತಳೆ ಸಿಪ್ಪೆಯನ್ನು ಸ್ವಲ್ಪ ಸೇರಿಸುವ ರೂಢಿಯಿದೆ. ಸೀಗೆಯ ದೂಳು ಮೂಗಿಗೆ ಹೋದರೆ ಎಡೆಬಿಡದೆ ಸೀನು ಬರುವುದರಿಂದಲೂ, ಅದೇ ಕಲ್ಲಿನಲ್ಲಿ ರಾಗಿ ಜೋಳ ಬೀಸಿದರೆ ಹಿಟ್ಟು ಕೆಡುವುದರಿಂದಲೂ ಇದಕ್ಕೆ ಪ್ರತ್ಯೇಕ ಯಂತ್ರವಿರುವ ಮಿಲ್ಲಿನಲ್ಲಿಯೇ ಪುಡಿ ಮಾಡಿಸುತ್ತಾರೆ. ಮನೆಯ ಮಿಕ್ಸಿಯಲ್ಲಿ ಮಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಕೆಳಗೆ ಕೂರುವವರೆಗೆ ಮುಚ್ಚಳ ತೆಗೆಯದೆ, ಬಳಿಕ ತೆಳುಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ದಪ್ಪ ಚೂರುಗಳು ಉಳಿದರೆ ನೆತ್ತಿಯನ್ನು ಗೀರುತ್ತವೆ ಮತ್ತು ತೊಳೆದರೂ ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಬಳಸುವ ವಿಧಾನವೂ ಪುಡಿಯಷ್ಟೇ ಮುಖ್ಯ. ಮಧ್ಯಮ ಉದ್ದದ ಕೂದಲಿಗೆ ಮೂರು ನಾಲ್ಕು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ದೋಸೆಹಿಟ್ಟಿನ ಹದಕ್ಕೆ ಕದಡಿ, ಮೊದಲು ನೆತ್ತಿಗೂ ಬುಡಕ್ಕೂ ಬೆರಳ ತುದಿಯಿಂದ ಹಚ್ಚಿ, ತುದಿಯ ಕಡೆಗೆ ಇಳಿಸಬೇಕು. ಪುಡಿ ಕೂದಲಿನಲ್ಲಿ ಉಳಿಯುವ ತೊಂದರೆ ಬೇಡವೆನ್ನುವವರು ಇಡೀ ಕಾಯಿಗಳನ್ನು ಜಜ್ಜಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಕಿವುಚಿ ಸೋಸಿದ ಕಷಾಯವನ್ನು ಬಳಸಬಹುದು. ಸಪೋನಿನ್ ಕಣ್ಣಿಗೆ ಬಿದ್ದರೆ ತೀವ್ರವಾದ ಉರಿಯನ್ನುಂಟುಮಾಡುತ್ತದೆ. ಆದುದರಿಂದ ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯುವುದು, ಕಣ್ಣಿಗೆ ಬಿದ್ದರೆ ಉಜ್ಜದೆ ತಣ್ಣೀರನ್ನು ಧಾರಾಳವಾಗಿ ಹಾಯಿಸುವುದು, ಎಳೆಮಕ್ಕಳ ತಲೆಗೆ ಸೀಗೆಯ ಬದಲು ಬರಿಯ ಹೆಸರುಹಿಟ್ಟನ್ನೋ ಕಡಲೆಹಿಟ್ಟನ್ನೋ ಬಳಸುವುದು ಉಚಿತ.

ಸೀಗೆಯೊಡನೆ ಹೆಸರಿಸಬೇಕಾದ ಇನ್ನೆರಡು ಸಸ್ಯಗಳು ಅಂಟುವಾಳ ಮತ್ತು ಚಿಗರೆ. ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಪ್ರಮಾಣ ಹೆಚ್ಚಾಗಿದ್ದು ನೊರೆ ಸಮೃದ್ಧವಾಗಿ ಬರುತ್ತದೆ. ಅಕ್ಕಸಾಲಿಗರು ಒಡವೆ ತೊಳೆಯಲೂ, ಮನೆಗಳಲ್ಲಿ ರೇಷ್ಮೆ ಸೀರೆ ಒಗೆಯಲೂ ಇದನ್ನೇ ಬಳಸುತ್ತಾರೆ. ಬೀಜ ತೆಗೆದ ಹತ್ತು ಹನ್ನೆರಡು ಸಿಪ್ಪೆಗಳನ್ನು ಅರ್ಧ ಲೀಟರ್ ನೀರಿನಲ್ಲಿ ನೆನೆಸಿ ಕುದಿಸಿದರೆ ಒಂದು ಸಲದ ತಲೆಸ್ನಾನಕ್ಕೆ ಸಾಕು. ಆದರೆ ಜಿಡ್ಡು ತೆಗೆಯುವ ಶಕ್ತಿ ಹೆಚ್ಚಾದ್ದರಿಂದ ಒಣಕೂದಲಿನವರು ಇದನ್ನು ಸೀಗೆಗೆ ಸ್ವಲ್ಪವಾಗಿ ಬೆರೆಸಿಕೊಳ್ಳುವುದೇ ಮೇಲು. ಚಿಗರೆಪುಡಿ ಎಂಬುದು ಚುಜ್ಜಲು ಎಂದೂ ಕರೆಯಲಾಗುವ, ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಬೆಳೆಯುವ ಮರದ ಒಣ ಎಲೆಗಳ ಪುಡಿ. ಹಳೆಯ ಮೈಸೂರು ಸೀಮೆಯಲ್ಲಿ ಎಣ್ಣೆನೀರಿನ ದಿನ ಸೀಗೆಪುಡಿಯ ಜೊತೆಗೆ ಇದನ್ನೂ ಕಲಸುವುದುಂಟು. ನೀರಿಗೆ ಬಿದ್ದೊಡನೆ ಲೋಳೆಗಟ್ಟುವ ಈ ಪುಡಿ ಎಣ್ಣೆಯನ್ನು ತೆಗೆಯುತ್ತ ಕೂದಲನ್ನು ನುಣುಪಾಗಿಯೂ ಇರಿಸುತ್ತದೆ.

ತೊಳೆಯುವ ಕೆಲಸ ಮುಗಿದ ಮೇಲೆ ನುಣುಪಿನ ಕೆಲಸ ಆರಂಭವಾಗುತ್ತದೆ. ಅಂಗಡಿಯ ಕಂಡೀಷನರ್ ಮಾಡುವ ಈ ಕೆಲಸವನ್ನು ಮನೆಯಲ್ಲಿ ಮಾಡುವುದು ಸಸ್ಯಗಳ ಲೋಳೆ. ದಾಸವಾಳದ ಎಲೆ, ಮೆಂತ್ಯದ ಕಾಳು, ಅಗಸೆಯ ಬೀಜ ಇವುಗಳಲ್ಲಿರುವ ಉದ್ದ ಸರಪಳಿಯ ಸಕ್ಕರೆಯ ಅಣುಗಳು ನೀರನ್ನು ಹಿಡಿದಿಟ್ಟುಕೊಂಡು ಜಾರುವ ದ್ರವವಾಗುತ್ತವೆ. ಇದು ಎಳೆಯ ಮೇಲೆ ತೆಳುವಾದ ಪೊರೆಯಂತೆ ಕುಳಿತಾಗ ಎಳೆ ಎಳೆಗಳ ನಡುವಿನ ಉಜ್ಜಾಟ ಕಡಿಮೆಯಾಗಿ ಬಾಚಣಿಗೆ ಸುಲಭವಾಗಿ ಹಾಯುತ್ತದೆ. ಕರಾವಳಿಯಲ್ಲಿ ಗೊಂಪು ಎಂದು ಕರೆಯುವ ತಯಾರಿಕೆ ಇದೇ. ಒಂದೆರಡು ಹಿಡಿ ದಾಸವಾಳದ ಎಲೆಗಳನ್ನು ತೊಳೆದು, ನೀರಿನಲ್ಲಿ ಕೈಯಿಂದ ಚೆನ್ನಾಗಿ ಕಿವುಚಿ, ಲೋಳೆ ಬಿಟ್ಟ ಮೇಲೆ ಸೋಸಿದರೆ ಗೊಂಪು ಸಿದ್ಧವಾಗುತ್ತದೆ. ಅರೆದ ಎಲೆಯನ್ನು ಸೋಸದೆ ಹಚ್ಚಿದರೆ ಅದರ ಚೂರುಗಳನ್ನು ಕೂದಲಿನಿಂದ ತೆಗೆಯುವುದರಲ್ಲಿಯೇ ನುಣುಪಿನ ಲಾಭವೆಲ್ಲ ಕಳೆದುಹೋಗುತ್ತದೆ. ಮೆಂತ್ಯವನ್ನು ರಾತ್ರಿ ನೆನೆಸಿ ನುಣ್ಣಗೆ ಅರೆದೂ, ಅಗಸೆಯನ್ನು ಎಂಟರಷ್ಟು ನೀರಿನಲ್ಲಿ ಕುದಿಸಿ ಬಿಸಿಯಿರುವಾಗಲೇ ಸೋಸಿಯೂ ಇದೇ ಬಗೆಯ ಲೋಳೆ ಪಡೆಯಬಹುದು.

ಲೋಳೆಸರವನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಎಲೆಯನ್ನು ಕತ್ತರಿಸಿದಾಗ ಮೊದಲು ಒಸರುವ ಹಳದಿ ರಸವು ಒಳಗಿನ ತಿಳಿಯಾದ ತಿರುಳಿಗಿಂತ ಬೇರೆಯಾದದ್ದು, ಚರ್ಮಕ್ಕೆ ತುರಿಕೆ ತರಬಲ್ಲದು. ಆದುದರಿಂದ ಎಲೆಯನ್ನು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ ಆ ರಸ ಇಳಿದುಹೋಗಲು ಬಿಟ್ಟು, ತೊಳೆದು, ಸಿಪ್ಪೆ ತೆಗೆದ ತಿರುಳನ್ನು ಮಾತ್ರ ಬಳಸಬೇಕು. ಅನ್ನದ ಗಂಜಿಯ ತಿಳಿಯನ್ನು ತಲೆಗೆ ಹಾಕುವ ರೂಢಿಯೂ ಇದೆ. ಅದರ ಪಿಷ್ಟವು ಎಳೆಗೆ ಅಂಟಿಕೊಂಡು ಅದು ದಪ್ಪನಾಗಿ ತೋರುವಂತೆ ಮಾಡುತ್ತದೆಯಾದರೂ, ಚೆನ್ನಾಗಿ ತೊಳೆಯದಿದ್ದರೆ ಒಣಗಿ ಬಿಳಿಯ ಹೊಟ್ಟಾಗಿ ಉದುರುತ್ತದೆ.

ಇನ್ನು ಎಣ್ಣೆಯ ವಿಷಯ. ಕೂದಲಿಗೆ ಎಣ್ಣೆ ಹಚ್ಚುವುದನ್ನು ಬರಿಯ ರೂಢಿಯೆಂದು ತಳ್ಳಿಹಾಕಲಾಗದು ಎಂಬುದನ್ನು ಆಧುನಿಕ ಪ್ರಯೋಗಗಳೂ ತೋರಿಸಿವೆ. ಭಾರತೀಯ ವಿಜ್ಞಾನಿಗಳಾದ ಆರತಿ ರೇಳೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಮತ್ತು ತೆಂಗಿನ ಎಣ್ಣೆಗಳನ್ನು ಹೋಲಿಸಿದಾಗ, ಕೂದಲು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನ ಎಣ್ಣೆ ಮಾತ್ರ ಎಂದು ಕಂಡುಬಂದಿತು. ತೆಂಗಿನ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವಾಗಿದ್ದು, ಅದರ ಅಣು ಚಿಕ್ಕದೂ ನೇರವೂ ಆದುದರಿಂದ ಎಳೆಯೊಳಗೆ ಇಳಿಯಬಲ್ಲದು. ಒಳಗಿಳಿದ ಎಣ್ಣೆಯು ಕೂದಲು ನೀರು ಕುಡಿದು ಉಬ್ಬುವುದನ್ನು ಕಡಿಮೆ ಮಾಡುತ್ತದೆ. ಸ್ನಾನಕ್ಕೆ ಮೊದಲೇ ಎಣ್ಣೆ ಹಚ್ಚುವ ಹಳೆಯ ಕ್ರಮದಲ್ಲಿ ಇರುವ ತರ್ಕ ಇದೇ. ಹರಳೆಣ್ಣೆಯ ಗುಣ ಬೇರೆ. ಅದು ಮಂದವಾಗಿ ಜಿಗುಟಾಗಿರುವುದರಿಂದ ಎಳೆಯ ಮೇಲೆಯೇ ಉಳಿಯುತ್ತದೆ. ತಲೆಗೆ ಹರಳೆಣ್ಣೆ ಮತ್ತು ಕೊಬ್ಬರಿ ಎಣ್ಣೆಯ ಮಿಶ್ರಣ ಹಚ್ಚಿ ತೊಳೆದ ಯುವತಿಯೊಬ್ಬರ ಉದ್ದಗೂದಲು ಬಿಡಿಸಲಾಗದಂತೆ ಗಂಟುಕಟ್ಟಿ ಕತ್ತರಿಸಬೇಕಾದ ಪ್ರಕರಣವೊಂದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಆದುದರಿಂದ ಉದ್ದಗೂದಲಿನವರು ಹರಳೆಣ್ಣೆಯನ್ನು ತೆಳುವಾದ ಎಣ್ಣೆಗೆ ಸ್ವಲ್ಪವಾಗಿಯೇ ಬೆರೆಸಿ, ಸಿಕ್ಕು ಬಿಡಿಸಿದ ಕೂದಲಿಗೆ ಮಾತ್ರ ಹಚ್ಚಬೇಕು.

ಸೊಪ್ಪು ಹಾಕಿ ಕಾಯಿಸುವ ತಲೆಯೆಣ್ಣೆಗೆ ಆಯುರ್ವೇದದಲ್ಲಿ ತೈಲಪಾಕ ಎಂಬ ಖಚಿತವಾದ ವಿಧಾನವಿದೆ. ‘ಶಾರ್ಙ್ಗಧರ ಸಂಹಿತೆ’ಯ ಪ್ರಕಾರ ಕಲ್ಕ ಅಂದರೆ ಅರೆದ ಗಿಡಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು ಇರಬೇಕು. ಮನೆಯ ಮಟ್ಟಿಗೆ ಹೇಳುವುದಾದರೆ ಕಾಲು ಲೀಟರ್ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಗದ್ದೆಬದುಗಳಲ್ಲಿ ಬೆಳೆಯುವ ಗರುಗದ ಸೊಪ್ಪಿನ, ಅಂದರೆ ಭೃಂಗರಾಜದ, 1 ಲೀಟರ್ ರಸವೂ ಅದೇ ಸೊಪ್ಪಿನ 60 ಗ್ರಾಂ ಅರೆತವೂ ಬೇಕಾಗುತ್ತದೆ; ಒಂದೆಲಗ, ಕರಿಬೇವು, ನೆಲ್ಲಿಕಾಯಿಗಳನ್ನೂ ಇದೇ ಪ್ರಮಾಣದೊಳಗೆ ಹೊಂದಿಸಬಹುದು. ದಪ್ಪತಳದ ಅಗಲವಾದ ಪಾತ್ರೆಯಲ್ಲಿ ಎಲ್ಲವನ್ನೂ ಕೂಡಿಸಿ, ಸಣ್ಣ ಉರಿಯಲ್ಲಿ, ಕಲ್ಕ ತಳಹಿಡಿಯದಂತೆ ಕೈಯಾಡಿಸುತ್ತ ನೀರಿನಂಶವೆಲ್ಲ ಆರುವವರೆಗೆ ಕಾಯಿಸಬೇಕು. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬದಿರುವುದೂ, ಒಲೆಯ ಬಳಿಯಿಂದ ಕದಲದಿರುವುದೂ ಅವಶ್ಯಕ, ಏಕೆಂದರೆ ಕೊನೆಯ ಹಂತದಲ್ಲಿ ಎಣ್ಣೆ ನೊರೆಯುಕ್ಕಿ ಮೇಲೆ ಬರುತ್ತದೆ.

ಪಾಕ ಮುಗಿದುದಕ್ಕೆ ಶಾಸ್ತ್ರ ಹೇಳುವ ಗುರುತುಗಳು ಇಂದಿಗೂ ಉಪಯುಕ್ತ. ಎಣ್ಣೆಯಲ್ಲಿ ನೊರೆ ಏಳುವುದು ಒಂದು ಗುರುತು. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗುವುದು ಇನ್ನೊಂದು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಸದ್ದಿಲ್ಲದೆ ಉರಿಯುವುದು ಮೂರನೆಯದು. ಸದ್ದು ಬಂದರೆ ನೀರು ಇನ್ನೂ ಉಳಿದಿದೆ ಎಂದರ್ಥ, ಅಂತಹ ಎಣ್ಣೆ ಬೇಗ ಮುಗ್ಗುತ್ತದೆ. ಕಲ್ಕ ಕರಿಕಾಗಿ ಹೊಗೆಯಾಡಿದರೆ ಪಾಕ ಮೀರಿದೆ ಎಂದು ತಿಳಿಯಬೇಕು. ಬೆಚ್ಚಗಿರುವಾಗಲೇ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟಲಿಯಲ್ಲಿ ತುಂಬಿಡುವುದು ಕೊನೆಯ ಹಂತ. ಇಂತಹ ಎಣ್ಣೆಯಿಂದ ಕೂದಲು ನುಣುಪಾಗುವುದೂ ತುಂಡಾಗುವುದು ಕಡಿಮೆಯಾಗುವುದೂ ನಿಜವಾದರೂ, ಬೋಳುತಲೆಯಲ್ಲಿ ಕೂದಲು ಹುಟ್ಟಿಸುತ್ತದೆ ಎಂಬ ಮಾತಿಗೆ ಆಧಾರ ಸಾಲದು. ಭೃಂಗರಾಜದ ಕುರಿತು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳು ಆಶಾದಾಯಕವಾಗಿದ್ದರೂ ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳು ವಿರಳ.

ನರೆಗೂದಲಿಗೆ ಬಣ್ಣ ಕೊಡುವ ಪ್ರಯತ್ನವೂ ಪ್ರಾಚೀನವೇ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಸುಗಂಧದ್ರವ್ಯಗಳನ್ನು ವಿವರಿಸುವ ಗಂಧಯುಕ್ತಿ ಎಂಬ ಅಧ್ಯಾಯ ಆರಂಭವಾಗುವುದೇ ಕೂದಲು ಕಪ್ಪಾಗಿಸುವ ವಿಧಾನದಿಂದ, ಹಾರಕ ಧಾನ್ಯವನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಬೇಯಿಸಿ, ಕಬ್ಬಿಣದ ಪುಡಿ ಬೆರೆಸಿ ಲೇಪಿಸುವ, ನಂತರ ನೆಲ್ಲಿಯ ಲೇಪ ಹಚ್ಚುವ ಕ್ರಮ ಅಲ್ಲಿದೆ. ಇದರ ಹಿಂದಿನ ರಸಾಯನ ಸರಳ: ಹುಳಿಯಲ್ಲಿ ಕಬ್ಬಿಣ ಕರಗುತ್ತದೆ, ಕರಗಿದ ಕಬ್ಬಿಣ ನೆಲ್ಲಿಕಾಯಿಯ ಒಗರಿನ ಟ್ಯಾನಿನ್ ಅಂಶದೊಡನೆ ಕೂಡಿ ಕಪ್ಪುಬಣ್ಣವಾಗುತ್ತದೆ. ಹಿಂದಿನ ಕಾಲದ ಬರೆಯುವ ಶಾಯಿಯೂ ಕಬ್ಬಿಣ ಮತ್ತು ಒಗರಿನ ಇದೇ ಕೂಟದಿಂದ ಆಗುತ್ತಿತ್ತು. ನೆಲ್ಲಿಪುಡಿಯನ್ನೂ ಮದರಂಗಿಯನ್ನೂ ಕಬ್ಬಿಣದ ಬಾಣಲೆಯಲ್ಲಿ ಚಹದ ಕಷಾಯದೊಡನೆ ರಾತ್ರಿಯಿಡೀ ನೆನೆಸಿಡುವ ಇಂದಿನ ಗೃಹಿಣಿಯರು ತಿಳಿದೋ ತಿಳಿಯದೆಯೋ ಅದೇ ರಸಾಯನವನ್ನು ಮುಂದುವರಿಸುತ್ತಿದ್ದಾರೆ.

ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಕೂದಲಿನ ಕೆರಾಟಿನ್‌ಗೆ ನೇರವಾಗಿ ಅಂಟಿಕೊಂಡು ಕೆಂಗಂದು ಬಣ್ಣ ಕೊಡುತ್ತದೆ. ಶುದ್ಧ ಮದರಂಗಿ ತಾನೊಂದೇ ಎಂದೂ ಕಪ್ಪು ಬಣ್ಣ ಕೊಡಲಾರದು. ಮಾರುಕಟ್ಟೆಯಲ್ಲಿ ‘ಕಪ್ಪು ಮೆಹಂದಿ’ ಎಂದು ಮಾರುವ ಪೊಟ್ಟಣಗಳಲ್ಲಿ ಅನೇಕ ಸಲ ಪ್ಯಾರಾ-ಫಿನಿಲೀನ್‌ಡಯಾಮಿನ್ ಎಂಬ ಕೃತಕ ಬಣ್ಣ ಸೇರಿರುತ್ತದೆ. ಇದು ಕೆಲವರಲ್ಲಿ ತಲೆ ಮುಖಗಳು ಊದಿಕೊಂಡು ಬೊಬ್ಬೆಗಳೇಳುವಷ್ಟು ತೀವ್ರವಾದ ಅಲರ್ಜಿಯನ್ನು ಉಂಟುಮಾಡುತ್ತದೆ. ಅಪ್ಪಟ ಮದರಂಗಿಗೂ ಒಂದು ಮಿತಿಯಿದೆ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಲಾಸೋನ್ ಚರ್ಮದ ಮೂಲಕ ದೇಹದೊಳಗೆ ಸೇರಿ ಕೆಂಪು ರಕ್ತಕಣಗಳನ್ನು ನಾಶಮಾಡಬಲ್ಲದು, ಈ ಕೊರತೆ ಹೊರನೋಟಕ್ಕೆ ತಿಳಿಯುವುದಿಲ್ಲವಾದುದರಿಂದ ಹಸುಗೂಸುಗಳಿಗೆ ಮದರಂಗಿ ಹಚ್ಚಲೇಬಾರದು.

‘ನೈಸರ್ಗಿಕ’ ಎಂಬುದು ನಿರಪಾಯಕ್ಕೆ ಪ್ರಮಾಣಪತ್ರವಲ್ಲ ಎಂಬುದಕ್ಕೆ ಅಡುಗೆಮನೆಯಲ್ಲಿಯೇ ಇನ್ನೂ ಉದಾಹರಣೆಗಳಿವೆ. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿದ್ದು, ಅದನ್ನು ನೇರವಾಗಿ ನೆತ್ತಿಗೆ ತಿಕ್ಕಿದರೆ ಉರಿಯೂ, ಬಿಸಿಲು ತಾಕಿದರೆ ಚರ್ಮದಲ್ಲಿ ಕಪ್ಪು ಕಲೆಯೂ ಉಂಟಾಗಬಹುದು. ಅಡುಗೆಸೋಡ ಅದಕ್ಕೆ ವಿರುದ್ಧವಾಗಿ ಕ್ಷಾರೀಯವಾದುದರಿಂದ ಸೋಪಿನ ದೋಷವನ್ನೇ ಮರಳಿ ತರುತ್ತದೆ. ತಲೆಹೊಟ್ಟಿಗೆ ಎಣ್ಣೆಯೇ ಮದ್ದೆಂಬ ನಂಬಿಕೆಯೂ ಪರಿಶೀಲನೆಗೆ ಅರ್ಹವಾದದ್ದು. ಹೊಟ್ಟಿಗೆ ಬಹುಮಟ್ಟಿಗೆ ಕಾರಣವಾದ ಮಲಸ್ಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಹೊಟ್ಟಿರುವ ನೆತ್ತಿಗೆ ಎಣ್ಣೆ ಸುರಿದು ದಿನಗಟ್ಟಲೆ ಬಿಡುವುದೆಂದರೆ ಅದಕ್ಕೆ ಆಹಾರ ಒದಗಿಸಿದಂತೆ. ಅಂಥವರು ಎಣ್ಣೆಯನ್ನು ಎಳೆಗಳಿಗೆ ಮಾತ್ರ ಸವರಿ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲಷ್ಟೇ ಹಚ್ಚಿ, ನೆತ್ತಿಯನ್ನು ಆಗಾಗ ಶುಚಿಗೊಳಿಸುವುದು ಸೂಕ್ತ. ಹೇನು ಸೀರುಗಳಿಗೂ ಸೀಗೆ ಪೂರ್ಣ ಪರಿಹಾರವಲ್ಲ; ಒದ್ದೆಗೂದಲನ್ನು ಸೀರಣಿಗೆಯಿಂದ ಎಳೆಎಳೆಯಾಗಿ ಬಾಚುವ ಹಳೆಯ ವಿಧಾನವೇ ಅಲ್ಲಿ ಹೆಚ್ಚು ಫಲಕಾರಿ.

ಕೂದಲು ಉದುರುವುದಕ್ಕೆ ಕಾರಣ ಎಷ್ಟೋ ಸಲ ತಲೆಯ ಮೇಲಿರದೆ ದೇಹದೊಳಗಿರುತ್ತದೆ. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್ ಗ್ರಂಥಿಯ ಏರುಪೇರು, ತೀವ್ರ ಜ್ವರ, ಪ್ರೋಟೀನಿನ ಅಭಾವ ಇವುಗಳಿಂದ ಉದುರುವ ಕೂದಲನ್ನು ಯಾವ ಲೇಪವೂ ತಡೆಯದು. ಹೆರಿಗೆಯಾದ ಎರಡರಿಂದ ನಾಲ್ಕು ತಿಂಗಳ ನಂತರ ಕೂದಲು ಹೇರಳವಾಗಿ ಉದುರುವುದು ಹಾರ್ಮೋನಿನ ಬದಲಾವಣೆಯ ಫಲವಾಗಿದ್ದು, ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ನಾಣ್ಯದಾಕಾರದಲ್ಲಿ ಬೋಳಾಗುವುದು, ನೆತ್ತಿಯಲ್ಲಿ ಕೀವು ಅಥವಾ ನೋವು ಕಾಣಿಸುವುದು, ಬೈತಲೆಯ ಗೆರೆ ದಿನೇದಿನೇ ಅಗಲವಾಗುವುದು ಇವು ಚರ್ಮವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಮನೆಮದ್ದಿನಲ್ಲಿ ಕಳೆದ ಕಾಲ ಅಲ್ಲಿ ನಷ್ಟವೇ.

ಮನೆಯ ತಯಾರಿಕೆಗೂ ಕಾರ್ಖಾನೆಯ ತಯಾರಿಕೆಗೂ ಇರುವ ಮುಖ್ಯ ವ್ಯತ್ಯಾಸ ಸಂರಕ್ಷಕಗಳದು. ನೀರಿನಂಶವಿರುವ ಯಾವುದೇ ಲೇಪದಲ್ಲಿ ಬ್ಯಾಕ್ಟೀರಿಯ ಮತ್ತು ಬೂಷ್ಟು ಬಹುಬೇಗ ಬೆಳೆಯುವುದರಿಂದ ಕಾರ್ಖಾನೆಯವರು ಸಂರಕ್ಷಕ ರಾಸಾಯನಿಕಗಳನ್ನು ಸೇರಿಸುತ್ತಾರೆ. ಮನೆಯಲ್ಲಿ ಅವನ್ನು ಸೇರಿಸದ ಮೇಲೆ ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳುವುದು ನಿಯಮವಾಗಬೇಕು. ಗೊಂಪನ್ನೂ ಅರೆದ ಮೆಂತ್ಯವನ್ನೂ ಅದೇ ದಿನ ಮುಗಿಸಬೇಕು. ಅಂಟುವಾಳದ ಕಷಾಯ ಮತ್ತು ಅಗಸೆಯ ಲೋಳೆಯನ್ನು ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬಾರದು. ಒಣಪುಡಿಗಳು ತೇವವಿಲ್ಲದ ಡಬ್ಬದಲ್ಲಿ, ಒದ್ದೆಚಮಚ ತಾಕದಂತೆ ಇದ್ದರೆ ತಿಂಗಳುಗಟ್ಟಲೆ ಬಾಳುತ್ತವೆ. ಹೊಸ ವಸ್ತು ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ಎರಡು ದಿನ ತುರಿಕೆ ಕೆಂಪುಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ತಲೆಗೆ ಬಳಸಬೇಕು. ಸ್ವಂತ ಉಪಯೋಗಕ್ಕೆ ಇಷ್ಟು ಎಚ್ಚರ ಸಾಕಾದರೂ, ಮಾರಾಟಕ್ಕೆ ಮಾಡುವವರು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕಗಳ ನಿಯಮಗಳಿಗೆ ಒಳಪಡುವುದರಿಂದ ತಯಾರಿಕೆಗೆ ಪರವಾನಗಿ ಪಡೆಯುವುದು ಕಡ್ಡಾಯ.

ಈ ಸಾಮಗ್ರಿಗಳ ಮೂಲವನ್ನು ಮರೆಯುವಂತಿಲ್ಲ. ಪೇಟೆಯಲ್ಲಿ ಸಿಗುವ ಸೀಗೆ, ಅಂಟುವಾಳ, ನೆಲ್ಲಿಗಳಲ್ಲಿ ಬಹುಪಾಲು ಕಾಡಿನ ಕಿರು ಉತ್ಪನ್ನ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರು ಜೇನಿನೊಡನೆ ಇವನ್ನೂ ಸಂಗ್ರಹಿಸಿ ಸಹಕಾರ ಸಂಘದ ಮೂಲಕ ಮಾರುತ್ತ ಬಂದಿದ್ದಾರೆ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯದ ಹಕ್ಕುಪತ್ರಗಳೂ ದೊರೆತಿವೆ. ಬಳ್ಳಿ ಕಡಿದು ಕಾಯಿ ಕೊಯ್ಯುವ ಆತುರಗಾರಿಕೆಗೆ ಬೇಡಿಕೆ ಪ್ರೇರಣೆಯಾದರೆ ಬಳ್ಳಿಯೂ ಉಳಿಯದು, ಅದನ್ನು ನಂಬಿದವರ ಆದಾಯವೂ ಉಳಿಯದು.

ಆದುದರಿಂದ ಕೇಳುಗರು ಈ ವಿದ್ಯೆಯನ್ನು ದೊಡ್ಡ ಪಟ್ಟಿಯಿಂದ ಆರಂಭಿಸಬೇಕಾಗಿಲ್ಲ. ವಾರಕ್ಕೊಂದು ದಿನ ಸ್ನಾನಕ್ಕೆ ಮೊದಲು ಹದವಾಗಿ ಎಣ್ಣೆ, ಬಳಿಕ ನುಣ್ಣಗೆ ಸೋಸಿದ ಸೀಗೆಪುಡಿ, ಕೊನೆಗೆ ಆಗಷ್ಟೇ ಕಿವುಚಿದ ದಾಸವಾಳದ ಗೊಂಪು ಎಂಬ ಮೂರನ್ನೇ ಕ್ರಮವಾಗಿ ಎರಡು ತಿಂಗಳು ಅನುಸರಿಸಿ, ತಮ್ಮ ಊರಿನ ನೀರಿಗೂ ತಮ್ಮ ಕೂದಲಿಗೂ ಯಾವ ಪ್ರಮಾಣ ಒಗ್ಗುತ್ತದೆಂದು ಗಮನಿಸಿಕೊಳ್ಳಲಿ. ಸೀಗೆ ಕೊಳ್ಳುವಾಗ ಸಾಧ್ಯವಾದರೆ ಕಾಡಿನ ಸಂಗ್ರಾಹಕರ ಸಹಕಾರ ಸಂಘಗಳಿಂದಲೇ ಕೊಳ್ಳಲಿ. ಹಿತ್ತಿಲಿರಲಿ, ಕುಂಡವೇ ಇರಲಿ, ಒಂದು ದಾಸವಾಳದ ಗಿಡವನ್ನು ನೆಟ್ಟುಕೊಳ್ಳಲಿ.